ನಗರದ ನಕ್ಷೆಯಲ್ಲಿ ಸುಸ್ಥಿರತೆ ಎಲ್ಲಿದೆ ಅಂತ ಹುಡುಕುವುದು ಹೇಗೆ

ಇಪ್ಪತ್ತಾರು ವರ್ಷ ನಾನು ನಗರ ಯೋಜನೆಯ ಕಚೇರಿಗಳಲ್ಲಿ ನಕ್ಷೆ ಬರೆದಿದ್ದೇನೆ. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಇಂಕ್ ಪೆನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಒಂದು ಮಧ್ಯಾಹ್ನ ನಮ್ಮ ಮೇಲಿನವರು ಬಂದು, ‘ವರದಿಯಲ್ಲಿ ಸುಸ್ಥಿರತೆ ಕಾಣ್ತಾ ಇಲ್ಲ, ಸ್ವಲ್ಪ ಸೇರಿಸಿ’ ಅಂದರು. ಮಾರನೇ ದಿನ ಬೆಳಗ್ಗೆ ಅದು ಪ್ರಿಂಟಿಗೆ ಹೋಗಬೇಕಿತ್ತು. ನಾನೇನು ಮಾಡಿದೆ ಗೊತ್ತಾ? ‘ಅಭಿವೃದ್ಧಿ’ ಅಂತ ಇದ್ದ ಕಡೆಯೆಲ್ಲ ‘ಸುಸ್ಥಿರ ಅಭಿವೃದ್ಧಿ’ ಆಗಲಿ ಅಂತ ಕಂಪ್ಯೂಟರಿಗೆ ಹೇಳಿದೆ. ಒಂದೇ ಏಟಿಗೆ ಎಲ್ಲ ಬದಲಾಯಿತು. ಮೊದಲೇ ಆ ಪದ ಇದ್ದ ಎರಡು ಕಡೆ ‘ಸುಸ್ಥಿರ ಸುಸ್ಥಿರ ಅಭಿವೃದ್ಧಿ’ ಆಯಿತು. ಹಾಗೇ ಅಚ್ಚಾಯಿತು. ಯಾರೂ ಗಮನಿಸಲಿಲ್ಲ. ನಕ್ಷೆಯಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

ಆವತ್ತಿನಿಂದ ಯಾವ ಯೋಜನೆ ಕೈಗೆ ಬಂದರೂ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ನಕ್ಷೆ ಬಿಚ್ಚುತ್ತೇನೆ. ನಿಮ್ಮ ನಗರದ ಮಾಸ್ಟರ್ ಪ್ಲಾನೋ, ಹೊಸ ಬಡಾವಣೆಯ ನಕ್ಷೆಯೋ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಾಗ ನೀವೂ ಹೀಗೇ ಓದಬಹುದು. ಎಂಜಿನಿಯರ್ ಆಗಿರಬೇಕಿಲ್ಲ. ಒಂದು ಗೇಣಿಗಿಂತ ಉದ್ದದ ದಾರ, ನೀಲಿ ಪೆನ್ಸಿಲ್, ಕೆಂಪು ಪೆನ್ಸಿಲ್, ಎರಡು ಸಂಜೆ. ಅಷ್ಟು ಸಾಕು.

ಮೊದಲು ಆ ಪದ

ಸುಸ್ಥಿರ ಎಂಬ ಮಾತು ಹುಟ್ಟಿದ್ದು ನಗರದಲ್ಲಿ ಅಲ್ಲ, ಕಾಡಿನಲ್ಲಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಜ್ ಅಂತ ಗಣಿಗಳ ಅಧಿಕಾರಿಯೊಬ್ಬ ಇದ್ದ. ಬೆಳ್ಳಿಯ ಗಣಿಗೆ ಆಸರೆ ಕೊಡಲು ಮರ ಬೇಕು, ಅದಿರು ಕರಗಿಸಲು ಸೌದೆ ಬೇಕು. ಸುತ್ತಲಿನ ಕಾಡು ಖಾಲಿಯಾಗುತ್ತಾ ಬಂತು. ಬೆಳೆಯುವುದಕ್ಕಿಂತ ಜಾಸ್ತಿ ಕಡಿಯಬೇಡಿ ಅಂತ ಅವನು 1713ರಲ್ಲಿ ಬರೆದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಡ್ಡಿಯಲ್ಲಿ ಬದುಕಿ, ಅಸಲಿಗೆ ಕೈ ಹಾಕಬೇಡಿ. 1987ರಲ್ಲಿ ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ನೇತೃತ್ವದ ವಿಶ್ವಸಂಸ್ಥೆಯ ಆಯೋಗ ಇದನ್ನೇ ದೊಡ್ಡದು ಮಾಡಿ ಹೇಳಿತು. ಇಂದಿನವರ ಅಗತ್ಯ ತೀರಬೇಕು, ಆದರೆ ಮುಂದಿನವರು ತಮ್ಮ ಅಗತ್ಯ ತೀರಿಸಿಕೊಳ್ಳುವ ಶಕ್ತಿ ಕುಂದಬಾರದು ಅಂತ. 2015ರಲ್ಲಿ ವಿಶ್ವಸಂಸ್ಥೆ 2030ಕ್ಕೆ ಅಂತ ಇಟ್ಟುಕೊಂಡ 17 ಗುರಿಗಳಲ್ಲಿ 11ನೆಯದು ನಗರಗಳದ್ದೇ.

ಹಾಗಾದರೆ ನಗರದ ಅಸಲು ಯಾವುದು? ನನ್ನ ಲೆಕ್ಕದಲ್ಲಿ ನಾಲ್ಕು. ನೀರು, ನೆಲ, ರಿಪೇರಿಗೆ ಬೇಕಾದ ದುಡ್ಡು, ಜನರ ದಿನದ ಗಂಟೆಗಳು. ಕೊನೆಯದನ್ನು ವರದಿಗಳು ಮರೆಯುತ್ತವೆ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುವ ಮನುಷ್ಯನ ಆಯುಷ್ಯವೂ ಅಸಲೇ ಅಲ್ವಾ? ನಕ್ಷೆ ಓದುವಾಗ ಕೇಳಬೇಕಾದದ್ದು ಇಷ್ಟೇ: ಈ ಗೆರೆ ಯಾವ ಅಸಲನ್ನು ತಿನ್ನುತ್ತಿದೆ?

ಕೆಲಸಕ್ಕೆ ಮುಂಚೆ

ಮೂರು ಹಾಳೆ ಕೇಳಿ ಪಡೆಯಿರಿ. ಯಾವ ಜಾಗ ಯಾವುದಕ್ಕೆ ಅಂತ ಬಣ್ಣದಲ್ಲಿ ತೋರಿಸುವ ಭೂಬಳಕೆ ನಕ್ಷೆ. ನೆಲದ ಏರುತಗ್ಗು ತೋರಿಸುವ ಕಾಂಟೂರು ನಕ್ಷೆ, ಅದರಲ್ಲಿ ಹಳ್ಳ, ಕೆರೆ, ಕಾಲುವೆ ಇರಬೇಕು. ಇನ್ನೊಂದು, ಯಾವ ಕೆಲಸ ಯಾವ ವರ್ಷ, ಎಷ್ಟು ಖರ್ಚು ಅಂತ ಹೇಳುವ ಪಟ್ಟಿ. ಮೊದಲನೆಯದನ್ನು ಎಲ್ಲರೂ ಕೊಡುತ್ತಾರೆ, ಬಣ್ಣಬಣ್ಣವಾಗಿ ಚೆನ್ನಾಗಿರುತ್ತದೆ. ಉಳಿದೆರಡಕ್ಕೆ ಕೇಳಬೇಕಾಗುತ್ತದೆ. ಕೇಳಿ.

ಸ್ಕೇಲಿನ ಬಗ್ಗೆ ಒಂದು ಮಾತು. ಹಾಳೆಯ ಮೂಲೆಯಲ್ಲಿ 1:5000 ಅಂತ ಬರೆದಿರುತ್ತದೆ. ಅದನ್ನು ನಂಬಬೇಡಿ. ಝೆರಾಕ್ಸ್ ಮಾಡುವಾಗ, ಮೊಬೈಲಿಗೆ ಕಳಿಸಿ ಪ್ರಿಂಟ್ ತೆಗೆಯುವಾಗ ಹಾಳೆ ಹಿಗ್ಗಿರುತ್ತದೆ ಇಲ್ಲವೇ ಕುಗ್ಗಿರುತ್ತದೆ. ಅಲ್ಲೇ ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟಿಯ ಅಳತೆಗೆರೆ ಇರುತ್ತದೆ, ಅದು ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ಸುಳ್ಳು ಹೇಳುವುದಿಲ್ಲ. ದಾರವನ್ನು ಅದರ ಮೇಲೆ ಹಿಡಿದು ಪ್ರತಿ 100 ಮೀಟರಿಗೊಂದು ಮಸಿಯ ಗುರುತು ಹಾಕಿಕೊಳ್ಳಿ. ಇದೇ ನಿಮ್ಮ ಅಳತೆಪಟ್ಟಿ. ದಾರ ಯಾಕೆ ಅಂದರೆ ರಸ್ತೆ ತಿರುಗಿದ ಕಡೆ ಅದೂ ತಿರುಗುತ್ತದೆ.

ನೀರಿನಿಂದ ಶುರು ಮಾಡಿ

ನೀಲಿ ಪೆನ್ಸಿಲ್ ತೆಗೆದುಕೊಂಡು ಕಾಂಟೂರು ನಕ್ಷೆಯ ಅತಿ ಎತ್ತರದ ಜಾಗದಿಂದ ಹೊರಡಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳೇ ಕಾಂಟೂರು, ನೀರು ಅವನ್ನು ಅಡ್ಡ ದಾಟಿ ಕೆಳಗಿಳಿಯುತ್ತದೆ. ಇಳಿಯುವ ದಾರಿಯನ್ನೆಲ್ಲ ಬಣ್ಣ ಮಾಡಿ. ಆಮೇಲೆ ಭೂಬಳಕೆ ನಕ್ಷೆಯನ್ನು ಅದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ನಿಮ್ಮ ನೀಲಿ ಗೆರೆಗಳ ಮೇಲೆ ಯಾವ ಬಣ್ಣ ಬಂದಿದೆ? ಹಸಿರು ಬಂದಿದ್ದರೆ ಪರವಾಗಿಲ್ಲ. ಮನೆಗಳ ಹಳದಿ ಬಂದಿದ್ದರೆ ಅಲ್ಲೊಂದು ಕೆಂಪು ಸುತ್ತು ಹಾಕಿ.

ಚುಕ್ಕಿಗೆರೆಗಳನ್ನು ಜಾಸ್ತಿ ಗಮನಿಸಿ. ನಕ್ಷೆಯಲ್ಲಿ ವರ್ಷವಿಡೀ ಹರಿಯುವ ಹಳ್ಳಕ್ಕೆ ತುಂಬುಗೆರೆ, ಮಳೆಗಾಲದಲ್ಲಿ ಮಾತ್ರ ಹರಿಯುವುದಕ್ಕೆ ಚುಕ್ಕಿಗೆರೆ ಇರುವುದು ರೂಢಿ. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಒಣಗುತ್ತದೆ. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. ಒಂದು ಬಡಾವಣೆಯ ನಕ್ಷೆ ಬರೆಯುತ್ತಿದ್ದೆ. ಸೈಟುಗಳ ಚೌಕಗಳ ನಡುವೆ ಒಂದು ಚುಕ್ಕಿಗೆರೆ ಓರೆಯಾಗಿ ಹಾದುಹೋಗಿತ್ತು. ಹನ್ನೊಂದು ಸೈಟುಗಳು ಅದರಿಂದ ಕೆಡುತ್ತಿದ್ದವು. ಬೇಸಿಗೆಯಲ್ಲಿ ಜಾಗ ನೋಡಿ ಬಂದಿದ್ದೆವು, ಅಲ್ಲಿ ಒಣ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಯಾರೂ ಹೇಳಲಿಲ್ಲ, ನಾನೇ ತೆಗೆದೆ. ನಕ್ಷೆ ನೀಟಾಗಿ ಕಂಡಿತು. ಮೂರು ವರ್ಷದ ನಂತರ ಜೋರು ಮಳೆ ಬಂತು. ಆ ಹನ್ನೊಂದು ಸೈಟುಗಳಲ್ಲಿ ಏಳರಲ್ಲಿ ಅಷ್ಟೊತ್ತಿಗೆ ಮನೆ ಎದ್ದಿತ್ತು. ನೀರಿಗೆ ತನ್ನ ಹಳೇ ದಾರಿ ನೆನಪಿತ್ತು. ಮರುದಿನ ಅಲ್ಲಿಗೆ ಹೋದಾಗ ಮುದುಕರೊಬ್ಬರು ನೆನೆದ ಹಾಸಿಗೆಯನ್ನು ಗೋಡೆಗೆ ಒರಗಿಸುತ್ತಾ, ‘ಅಮ್ಮಾ, ನೀರಿಗೆ ದಾರಿ ಎಲ್ಲಿ ಬಿಟ್ಟಿದೀರಿ?’ ಅಂದರು. ನಾನೇ ಆ ಗೆರೆ ಅಳಿಸಿದವಳು ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಇನ್ನು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. 10 ಹೆಕ್ಟೇರಿನ ಬಡಾವಣೆ ಅಂದರೆ ಒಂದು ಲಕ್ಷ ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆಯಾದರೆ 50 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ ಐನೂರು ಟ್ಯಾಂಕರ್. ಮಣ್ಣು, ಹುಲ್ಲು, ಮರ ಇದ್ದಾಗ ಅದರಲ್ಲಿ ಒಳ್ಳೆಯ ಪಾಲು ನೆಲಕ್ಕಿಳಿಯುತ್ತಿತ್ತು. ಕಾಂಕ್ರೀಟ್ ಹಾಕಿದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೇ ಚರಂಡಿಗೆ ನುಗ್ಗುತ್ತದೆ. ನಿಮ್ಮ ಬಡಾವಣೆಯ ವಿಸ್ತೀರ್ಣ ಹಾಕಿ ಲೆಕ್ಕ ಮಾಡಿ ನೋಡಿ. ಆ ನೀರು ನಿಲ್ಲಲು, ಇಂಗಲು ನಕ್ಷೆಯಲ್ಲಿ ಎಷ್ಟು ಜಾಗ ಇದೆ ಅಂತ ಕೇಳಿ. ‘ಚರಂಡಿ ದೊಡ್ಡದು ಮಾಡುತ್ತೇವೆ’ ಅನ್ನುವುದು ಪೂರ್ತಿ ಉತ್ತರ ಅಲ್ಲ. ನಿಮ್ಮ ದೊಡ್ಡ ಚರಂಡಿ ಕೆಳಗಿನವರ ಮನೆ ಬಾಗಿಲಿಗೆ ನೀರನ್ನು ಇನ್ನೂ ಬೇಗ ತಲುಪಿಸುತ್ತದೆ, ಅಷ್ಟೇ.

ಕೋಪನ್‌ಹೇಗನ್ ಈ ಪಾಠವನ್ನು ಒಂದೇ ದಿನದಲ್ಲಿ ಕಲಿಯಿತು. 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯಿತು. ನೆಲಮಾಳಿಗೆಗಳು ತುಂಬಿದವು, ರಸ್ತೆಗಳು ಹೊಳೆಯಾದವು. ಮರುವರ್ಷವೇ ನಗರಸಭೆ ಹೊಸ ಯೋಜನೆ ಮಾಡಿತು. ಬರೀ ಪೈಪು ದೊಡ್ಡದು ಮಾಡಲಿಲ್ಲ. ಕೆಲವು ರಸ್ತೆಗಳು ಜೋರು ಮಳೆಯಲ್ಲಿ ಕಾಲುವೆಯಾಗಲಿ, ಪಾರ್ಕುಗಳು ಕೊಳವಾಗಲಿ ಅಂತ ನೆಲದ ಮಟ್ಟವನ್ನೇ ತಿದ್ದತೊಡಗಿದರು. ಅಲ್ಲಿನ ಎಂಗ್‌ಹೇವ್ ಪಾರ್ಕು 22,600 ಘನ ಮೀಟರ್ ನೀರು ಹಿಡಿಯುತ್ತದೆ, ಅಂದರೆ ಸುಮಾರು ಎರಡೂಕಾಲು ಕೋಟಿ ಲೀಟರ್. ಉಳಿದ ದಿನ ಮಕ್ಕಳು ಅಲ್ಲೇ ಆಡುತ್ತಾರೆ. ಸಿಂಗಪುರದಲ್ಲಿ ಬಿಷಾನ್ ಪಾರ್ಕಿನ ಪಕ್ಕ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆ ಇತ್ತು. ಅದನ್ನು ಒಡೆದು 2012ರ ಹೊತ್ತಿಗೆ 3.2 ಕಿಲೋಮೀಟರಿನ ಅಂಕುಡೊಂಕು ನದಿ ಮಾಡಿದರು. ಆ ಹೆಚ್ಚಿನ ಅರ್ಧ ಕಿಲೋಮೀಟರ್ ಎಲ್ಲಿಂದ ಬಂತು? ಬಳುಕಿನಿಂದ. ಬಳುಕಿದಷ್ಟೂ ನೀರು ನಿಧಾನ, ದಡ ಅಗಲವಾದಷ್ಟೂ ಹಿಡಿಸುವ ನೀರು ಜಾಸ್ತಿ. ನಕ್ಷೆ ಬರೆಯುವ ನಮಗೆ ನೇರ ಗೆರೆಯ ಚಟ. ನೀರಿಗೆ ಅದು ಒಗ್ಗುವುದಿಲ್ಲ.

ಹೋಗುವ ನೀರಾಯಿತು, ಬರುವ ನೀರು? ಹೊಸದಾಗಿ ಎಷ್ಟು ಜನ ಬಂದು ಸೇರುತ್ತಾರೆ, ಅವರ ನೀರು ಯಾವ ಮೂಲದಿಂದ, ಆ ಮೂಲ ಯಾವ ವರ್ಷದವರೆಗೆ ಸಾಲುತ್ತದೆ ಅಂತ ವರದಿಯಲ್ಲಿ ಹುಡುಕಿ. ‘ಕೊಳವೆಬಾವಿ’ ಅಂತ ಒಂದೇ ಪದ ಇದ್ದರೆ ಅದು ಅಸಲು ಮುರಿಯುವ ಮಾತು. ಜಕಾರ್ತದ ಉತ್ತರ ಭಾಗ ವರ್ಷಕ್ಕೆ ಹಲವು ಸೆಂಟಿಮೀಟರ್ ಕುಸಿಯುತ್ತಾ ಬಂದಿದೆ, ಮುಖ್ಯ ಕಾರಣ ನೆಲದಡಿಯ ನೀರನ್ನು ಹೀರಿದ್ದು. ಕೇಪ್‌ಟೌನ್‌ನಲ್ಲಿ 2018ರಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಬೇಕಾಯಿತು. ಜನ ಪಾಲಿಸಿದರು, ಆಮೇಲೆ ಮಳೆಯೂ ಬಂತು, ನಲ್ಲಿ ಪೂರ್ತಿ ನಿಲ್ಲಿಸುವ ದಿನ ತಪ್ಪಿತು. 50 ಲೀಟರ್ ಅಂದರೆ ಎಷ್ಟು ಅಂತ ಗೊತ್ತಾಗಬೇಕಾದರೆ ಒಂದು ದಿನ ಬಕೆಟ್ ಎಣಿಸಿ ಬದುಕಿ ನೋಡಿ. ನಾನು ನೋಡಿದ್ದೇನೆ. ಸಂಜೆ ಆರರ ಹೊತ್ತಿಗೆ ಮುಗಿದಿತ್ತು.

ಆಮೇಲೆ ಕಾಲುಗಳು

ಈಗ ದಾರ ತೆಗೆಯಿರಿ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 80 ಮೀಟರ್ ನಡೆಯುತ್ತೇವೆ. ಐದು ನಿಮಿಷಕ್ಕೆ 400 ಮೀಟರ್, ಹತ್ತು ನಿಮಿಷಕ್ಕೆ 800. ವರದಿಗಳಲ್ಲಿ ಬಸ್ ನಿಲ್ದಾಣದ ಸುತ್ತ ಕೈವಾರದಿಂದ ಒಂದು ದುಂಡನೆಯ ವೃತ್ತ ಹಾಕಿ, ‘ಇವರೆಲ್ಲ ಐದು ನಿಮಿಷದ ದೂರದಲ್ಲಿದ್ದಾರೆ’ ಅಂತ ಬರೆದಿರುತ್ತದೆ. ಹಾಗೆ ನೇರವಾಗಿ ಹೋಗುವುದು ಹಾರುವ ಕಾಗೆಗಳು ಮಾತ್ರ. ಮನುಷ್ಯರಿಗೆ ಕಾಂಪೌಂಡು ಇದೆ, ರೈಲು ಹಳಿ ಇದೆ, ದಾಟಲಾಗದ ರಸ್ತೆ ಇದೆ. ನಾನೊಮ್ಮೆ ಇಂಥದೊಂದು ವೃತ್ತದೊಳಗಿನ ಮನೆಯಿಂದ ಆಸ್ಪತ್ರೆಗೆ ದಾರ ಹಿಡಿದು ಅಳೆದೆ. ನೇರ ದೂರ 300 ಮೀಟರ್. ನಡುವೆ ಗೋಡೆ ಕಟ್ಟಿದ ದೊಡ್ಡ ವಸತಿ ಸಮುಚ್ಚಯ. ಸುತ್ತಿಬಂದರೆ 1.4 ಕಿಲೋಮೀಟರ್. ಗೋಡೆಯಲ್ಲಿ ಒಂದು ಸಣ್ಣ ಗೇಟು ಬಿಟ್ಟಿದ್ದರೆ ಸಾಕಿತ್ತು.

ನಿಮ್ಮ ಮನೆಯಿಂದ, ಬಡಾವಣೆಯ ಇನ್ನೊಂದು ತುದಿಯ ಮನೆಯಿಂದ, ಅತಿ ಚಿಕ್ಕ ಮನೆಗಳಿರುವ ಮೂಲೆಯಿಂದ ಹೀಗೆ ಮೂರು ಕಡೆಯಿಂದ ಅಳೆಯಿರಿ. ಶಾಲೆಗೆ, ಬಸ್ಸಿಗೆ, ದಿನಸಿಗೆ, ಆಸ್ಪತ್ರೆಗೆ, ಒಂದು ಪಾರ್ಕಿಗೆ. ಹನ್ನೆರಡು ವರ್ಷದ ಹುಡುಗಿ ಒಬ್ಬಳೇ ಆ ದಾರಿಯಲ್ಲಿ ಹೋಗಬಹುದಾ ಅಂತಲೂ ಕೇಳಿಕೊಳ್ಳಿ. ಕಾಂಟೂರು ನೋಡುವುದು ಮರೆಯಬೇಡಿ. ಏರು ದಾರಿಯ 400 ಮೀಟರ್ ಸಮತಟ್ಟಿನ 400 ಮೀಟರ್ ಅಲ್ಲ. ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಬಡವರ ಮನೆಗಳು ಕಡಿದಾದ ಗುಡ್ಡಗಳ ಮೇಲಿವೆ. 2004ರಲ್ಲಿ ಅಲ್ಲಿಗೆ ಕೇಬಲ್ ಕಾರು ಹಾಕಿ ಕೆಳಗಿನ ಮೆಟ್ರೋಗೆ ಜೋಡಿಸಿದರು. ಪ್ರವಾಸಿಗರಿಗಾಗಿ ಅಲ್ಲ, ಕೆಲಸಕ್ಕೆ ಹೋಗುವವರಿಗಾಗಿ.

ಇನ್ನು ಹರಡಿಕೊಂಡ ನಗರ, ಒತ್ತಾದ ನಗರದ ವಿಷಯ. ಇದರ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಗಲ ಸೈಟು, ಮುಂದೆ ಹುಲ್ಲು, ದೂರ ದೂರ ಮನೆ, ಇದೇ ಹಸಿರು ಜೀವನ ಅಂತ. ಲೆಕ್ಕ ಬೇರೆಯೇ ಹೇಳುತ್ತದೆ. 1990ರ ಹೊತ್ತಿಗೆ ಅಮೆರಿಕದ ಅಟ್ಲಾಂಟ ಮತ್ತು ಸ್ಪೇನಿನ ಬಾರ್ಸಿಲೋನಾ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಜನಸಂಖ್ಯೆ ಇತ್ತು, 25 ಲಕ್ಷ ಮತ್ತು 28 ಲಕ್ಷ. ಅಟ್ಲಾಂಟ ಹರಡಿದ್ದು 4,280 ಚದರ ಕಿಲೋಮೀಟರ್. ಬಾರ್ಸಿಲೋನಾ 162. ಇಪ್ಪತ್ತಾರು ಪಟ್ಟು ವ್ಯತ್ಯಾಸ. ಅಟ್ಲಾಂಟದಲ್ಲಿ ಎಷ್ಟೇ ದುಡ್ಡು ಸುರಿದರೂ ಎಲ್ಲರ ಮನೆ ಹತ್ತಿರಕ್ಕೆ ಮೆಟ್ರೋ ಒಯ್ಯುವುದು ಆಗದ ಮಾತು. ಹತ್ತಲು ಸಾಕಷ್ಟು ಜನ ಒಂದು ಕಡೆ ಇರಬೇಕಲ್ಲ.

ಇದನ್ನು ನಿಮ್ಮ ಬೀದಿಯ ಮಟ್ಟಕ್ಕೆ ಇಳಿಸಿ. ಒಂದು ಕಿಲೋಮೀಟರ್ ರಸ್ತೆ, ಎರಡೂ ಕಡೆ ಮನೆ. ಪ್ರತಿ ಸೈಟಿನ ಮುಂಭಾಗ 30 ಮೀಟರ್ ಆದರೆ 66 ಮನೆ. 6 ಮೀಟರ್ ಆದರೆ 330ರ ಹತ್ತಿರ. ನೀರಿನ ಪೈಪು, ಒಳಚರಂಡಿ, ಡಾಂಬರು, ಬೀದಿದೀಪ ಎರಡಕ್ಕೂ ಒಂದೇ ಕಿಲೋಮೀಟರ್. ಮೊದಲನೆಯದರಲ್ಲಿ ಒಂದೊಂದು ಮನೆಯ ಪಾಲಿಗೆ 15 ಮೀಟರ್ ಪೈಪು, ಎರಡನೆಯದರಲ್ಲಿ 3 ಮೀಟರ್. ಪೈಪು ಒಂದಲ್ಲ ಒಂದು ದಿನ ಒಡೆದೇ ಒಡೆಯುತ್ತದೆ. ಆವತ್ತು 66 ಮನೆಯ ತೆರಿಗೆಯಲ್ಲಿ ಅದನ್ನು ಬದಲಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ನಗರಗಳಿಗೆ ಹೇಳಬೇಕು ಅಂತ ನನಗೆ ಆಗಾಗ ಅನಿಸುತ್ತದೆ.

ಒತ್ತಾಗಿ ಕಟ್ಟುವುದು ಅಂದರೆ ಮುಗಿಲೆತ್ತರದ ಕಟ್ಟಡ ಅಂತಲ್ಲ. ಬಾರ್ಸಿಲೋನಾದ ಹೆಚ್ಚಿನ ಭಾಗ ಆರೇಳು ಅಂತಸ್ತು ಮೀರುವುದಿಲ್ಲ. ಮತ್ತೆ, ಗಾಳಿ ಬೆಳಕು, ಬಯಲು, ನೀರು ಕೊಡದೆ ಜನರನ್ನು ಮಾತ್ರ ತುರುಕಿದರೆ ಅದು ಬರೀ ಇಕ್ಕಟ್ಟು. ಬಿಲ್ಡರುಗಳು ‘ಸಾಂದ್ರತೆ’ ಎಂಬ ಪದ ಕಲಿತಿದ್ದಾರೆ, ಪಾರ್ಕು ಬಿಡುವುದನ್ನು ಕಲಿತಿಲ್ಲ. ಎರಡನ್ನೂ ಒಟ್ಟಿಗೇ ಕೇಳಿ.

ರಸ್ತೆ ಅಗಲ ಮಾಡುವ ಗೆರೆ

ಪ್ರತಿ ಯೋಜನೆಯಲ್ಲೂ ಇದು ಇದ್ದೇ ಇರುತ್ತದೆ. ಟ್ರಾಫಿಕ್ ಜಾಸ್ತಿ, ಹಾಗಾಗಿ ರಸ್ತೆ ಅಗಲ ಮಾಡಬೇಕು. ಕೇಳಲು ಎಷ್ಟು ಸರಿ ಅನಿಸುತ್ತದೆ! ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಎಷ್ಟು ಅಗಲ ಮಾಡಿದರೆಂದರೆ, ಸರ್ವಿಸ್ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್ ಆಯಿತು. 2011ರಿಂದ 2014ರ ನಡುವೆ ಅಲ್ಲಿ ಪೀಕ್ ಅವರ್ ಪ್ರಯಾಣದ ಸಮಯ ಮತ್ತೆ ಏರಿತು. ರಸ್ತೆ ಖಾಲಿ ಕಂಡಾಗ ಮನೆಯಲ್ಲಿ ಇರುತ್ತಿದ್ದವರು ಹೊರಡುತ್ತಾರೆ, ಬಸ್ಸಿನಲ್ಲಿದ್ದವರು ಕಾರು ತೆಗೆಯುತ್ತಾರೆ, ಇನ್ನೂ ದೂರದಲ್ಲಿ ಹೊಸ ಬಡಾವಣೆ ಏಳುತ್ತದೆ. ಡುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ ಅಂಶ ಇಟ್ಟುಕೊಂಡು 2011ರಲ್ಲಿ ತೋರಿಸಿದ್ದೂ ಇದನ್ನೇ: ಹೆದ್ದಾರಿ ಎಷ್ಟು ಪಾಲು ಬೆಳೆಯುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆಯುತ್ತದೆ.

ಸ್ಟಾಕ್‌ಹೋಮ್ ಉಲ್ಟಾ ದಾರಿ ಹಿಡಿಯಿತು. ನಗರದ ನಡುಭಾಗಕ್ಕೆ ಕಾರು ತಂದರೆ ಶುಲ್ಕ ಅಂತ 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿದರು. ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಪ್ರಯೋಗ ನಿಲ್ಲಿಸಿದರು, ಟ್ರಾಫಿಕ್ ವಾಪಸ್ ಏರಿತು. ಜನರ ಮತ ಕೇಳಿದರು. ಮೊದಲು ಬೈದವರಲ್ಲೇ ಎಷ್ಟೋ ಮಂದಿ ಬೇಕು ಅಂದರು. 2007ರಲ್ಲಿ ಕಾಯಂ ಆಯಿತು. ಶುಲ್ಕಕ್ಕಿಂತ ನನಗೆ ಇಷ್ಟವಾಗಿದ್ದು ಆ ವಿಧಾನ. ಮೊದಲು ಮಾಡಿ ತೋರಿಸು, ಆಮೇಲೆ ಕೇಳು.

ನಿಮ್ಮ ನಕ್ಷೆಯಲ್ಲಿ ಹೀಗೆ ನೋಡಿ. ಎತ್ತರದ ಕಟ್ಟಡಗಳಿಗೆ ಅನುಮತಿ ಇರುವ ಬಣ್ಣವನ್ನು ಗುರುತಿಸಿ. ಬಸ್ಸಿನ ಮುಖ್ಯ ದಾರಿಗಳನ್ನು ಕೆಂಪು ಮಾಡಿ. ಎರಡೂ ಒಂದರ ಮೇಲೊಂದು ಬರುತ್ತವಾ? ಬ್ರೆಜಿಲ್‌ನ ಕುರಿಟಿಬಾದಲ್ಲಿ ವಾಸ್ತುಶಿಲ್ಪಿ ಜೈಮೆ ಲೆರ್ನರ್ ಮೇಯರ್ ಆಗಿದ್ದಾಗ 1974ರಲ್ಲಿ ಬಸ್ಸಿಗೇ ಮೀಸಲಾದ ರಸ್ತೆ ಶುರು ಮಾಡಿದರು. ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೇ, ಎತ್ತರದ ಕಟ್ಟಡ ಬೇಕಾದರೆ ಈ ಬಸ್ ದಾರಿಯ ಪಕ್ಕದಲ್ಲೇ ಕಟ್ಟಿ ಅಂತ ನಿಯಮ ಮಾಡಿದ್ದು ಅಷ್ಟಾಗಿ ಗೊತ್ತಿಲ್ಲ. ಬಸ್ಸು ತುಂಬಿದ್ದು ಆ ನಿಯಮದಿಂದ. ಅದನ್ನು ಬಿಟ್ಟು ಬರೀ ಬಸ್ಸನ್ನು ನಕಲು ಮಾಡಿದ ನಗರಗಳು ಆಮೇಲೆ ಬಸ್ಸನ್ನೇ ದೂರುತ್ತವೆ.

ಯಾರು ಹೊರಗೆ ಹೋಗುತ್ತಾರೆ

ಇದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚಂಗ್ಯೆಚನ್ ಹಳ್ಳವನ್ನು ಮುಚ್ಚಿ ಮೇಲೆ ಫ್ಲೈಓವರ್ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಶುರು ಮಾಡಿ 2005ರಲ್ಲಿ 5.8 ಕಿಲೋಮೀಟರ್ ಉದ್ದಕ್ಕೆ ಹಳ್ಳವನ್ನು ಮತ್ತೆ ತೆರೆದರು. ಬೇಸಿಗೆಯಲ್ಲಿ ಅದರ ದಡ ಹತ್ತಿರದ ರಸ್ತೆಗಿಂತ ಮೂರರಿಂದ ಆರು ಡಿಗ್ರಿ ತಂಪು. ನಗರ ಯೋಜನೆಯ ಪ್ರತಿ ಭಾಷಣದಲ್ಲೂ ಇದರ ಫೋಟೋ ಬರುತ್ತದೆ. ಭಾಷಣದಲ್ಲಿ ಬರದೇ ಇರುವ ಎರಡು ಮಾತು: ಅಲ್ಲಿ ಹರಿಯುವ ನೀರಿನ ದೊಡ್ಡ ಪಾಲನ್ನು ಹಾನ್ ನದಿಯಿಂದ ಪಂಪ್ ಮಾಡಿ ತರುತ್ತಾರೆ. ಫ್ಲೈಓವರ್ ಕೆಳಗೆ ವ್ಯಾಪಾರ ಮಾಡುತ್ತಿದ್ದ ಬೀದಿ ವ್ಯಾಪಾರಿಗಳನ್ನು ಒಂದು ಸ್ಟೇಡಿಯಮ್ಮಿಗೆ ಕಳಿಸಿದರು, ಕೆಲವೇ ವರ್ಷಕ್ಕೆ ಆ ಸ್ಟೇಡಿಯಮ್ಮನ್ನೂ ಕೆಡವಿದರು. ಹಳ್ಳ ತೆರೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತೆರೆದದ್ದು ಒಳ್ಳೆಯದೇ. ಬಿಲ್ಲು ಯಾರ ಹೆಸರಿಗೆ ಹೋಯಿತು ಅಂತ ಮಾತ್ರ ಕೇಳುತ್ತಿದ್ದೇನೆ.

ಒಂದು ಜಾಗ ಹಸಿರಾದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಅದೇ ಪಾರ್ಕಿನ ಗಿಡಕ್ಕೆ ನೀರು ಹಾಕುವ ಮಾಲಿ ದೂರಕ್ಕೆ ಹೋಗುತ್ತಾನೆ. ಆಮೇಲೆ ದಿನಾ ಎರಡು ಬಸ್ ಹಿಡಿದು ಬರುತ್ತಾನೆ. ಹಾಗಾಗಿ ದಾರವನ್ನು ಇಲ್ಲೂ ಬಳಸಿ: ಕಸ ಗುಡಿಸುವವರು, ಕಾವಲುಗಾರರು, ಮನೆಗೆಲಸದವರು ಈಗ ಎಲ್ಲಿದ್ದಾರೆ, ಯೋಜನೆ ಬಂದ ಮೇಲೆ ಎಲ್ಲಿರುತ್ತಾರೆ, ಎಷ್ಟು ದೂರ. ಅವರಿಗೆ ಮನೆ ಅಂತ ನಕ್ಷೆಯಲ್ಲಿ ಬಣ್ಣ ಇದೆಯಾ? ವಿಯೆನ್ನಾ ನಗರ 1920ರ ದಶಕದಿಂದಲೂ ತಾನೇ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾ ಬಂದಿದೆ. ಇಂದಿಗೂ ಅಲ್ಲಿನ ಅರ್ಧದಷ್ಟು ಜನ ನಗರಸಭೆಯ ಇಲ್ಲವೇ ಸಹಾಯಧನದ ಮನೆಗಳಲ್ಲಿದ್ದಾರೆ. ಹತ್ತಿರಕ್ಕೆ ಟ್ರಾಮ್ ಬಂತು, ಬಾಡಿಗೆ ಏರಿತು ಅಂತ ಅವರು ಸುಲಭಕ್ಕೆ ಮನೆ ಬಿಡಬೇಕಾಗುವುದಿಲ್ಲ.

ಮರ, ಬ್ಯಾಡ್ಜು, ರಿಪೇರಿ

ಹಸಿರು ಕಟ್ಟಡದ ಪ್ಲಾಟಿನಂ, ಗೋಲ್ಡ್ ಬ್ಯಾಡ್ಜುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಒಂದು ಕಟ್ಟಡದ ಮಾತು. ನಗರದಿಂದ 40 ಕಿಲೋಮೀಟರ್ ಆಚೆ ಇರುವ ಪ್ಲಾಟಿನಂ ಕಟ್ಟಡಕ್ಕೆ ಎಲ್ಲರೂ ಕಾರಿನಲ್ಲೇ ಹೋಗಬೇಕು. ಒಂದು ಮಾತ್ರ ಕೇಳಿ: ಕೆಡವುತ್ತಿರುವ ಹಳೇ ಕಟ್ಟಡವನ್ನೇ ರಿಪೇರಿ ಮಾಡಬಹುದಿತ್ತಾ? ಜಗತ್ತಿನ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ.

ಮರದ ವಿಷಯದಲ್ಲಿ ‘ಇಷ್ಟು ಸಾವಿರ ಸಸಿ ನೆಟ್ಟೆವು’ ಅನ್ನುವ ಲೆಕ್ಕ ಬೇಡ. ನೆರಳು ಎಷ್ಟು ಅಂತ ಕೇಳಿ. ಮೆಲ್ಬರ್ನ್ ನಗರ 2012ರಲ್ಲಿ, ಸಾರ್ವಜನಿಕ ಜಾಗದಲ್ಲಿ ಮರದ ನೆರಳು ನೂರಕ್ಕೆ 22 ಇರುವುದು 2040ಕ್ಕೆ 40 ಆಗಬೇಕು ಅಂತ ಗುರಿ ಇಟ್ಟುಕೊಂಡಿತು. ಅದನ್ನು ಅಳೆಯಬಹುದು. ಇನ್ನೂ ಸುಲಭದ ಅಳತೆ ಬೇಕಾದರೆ ನಗರದ ಮರಗಳ ತಜ್ಞ ಸೆಸಿಲ್ ಕೋನೆಂಡೈಕ್ 2021ರಲ್ಲಿ ಹೇಳಿದ 3-30-300 ಇದೆ: ಪ್ರತಿ ಮನೆಯಿಂದ ಕಣ್ಣಿಗೆ ಬೀಳುವ 3 ಮರ, ಬಡಾವಣೆಯಲ್ಲಿ ನೂರಕ್ಕೆ 30 ನೆರಳು, ಪಾರ್ಕಿಗೆ 300 ಮೀಟರ್. ಮೊದಲನೆಯದಕ್ಕೆ ನಕ್ಷೆಯೂ ಬೇಡ. ಕಿಟಕಿ ಸಾಕು.

ಕೊನೆಗೆ ಖರ್ಚಿನ ಪಟ್ಟಿ. ಕಟ್ಟುವ ಖರ್ಚಿನ ಪಕ್ಕದಲ್ಲಿ ನಡೆಸುವ ಖರ್ಚಿನ ಸಾಲು ಇದೆಯಾ ನೋಡಿ. ಕೊಳಚೆ ನೀರಿನ ಘಟಕಕ್ಕೆ ಕರೆಂಟು ಬಿಲ್ ಕಟ್ಟುವವರು ಯಾರು? ಸಸಿಗೆ ಮೊದಲ ಮೂರು ಬೇಸಿಗೆ ನೀರು ಯಾರದು? ಇಂಗುಗುಂಡಿಯ ಹೂಳು ಯಾರು ಎತ್ತುತ್ತಾರೆ? ಆ ಸಾಲು ಖಾಲಿ ಇದ್ದರೆ ಹತ್ತು ವರ್ಷದ ನಂತರ ಆ ಕಟ್ಟಡದ ಸ್ಥಿತಿ ಏನಿರುತ್ತದೆ ಅಂತ ಈಗಲೇ ಹೇಳಬಹುದು. ರಿಬ್ಬನ್ ಕತ್ತರಿಸಲು ನೂರು ಜನ ಬರುತ್ತಾರೆ, ಹೂಳೆತ್ತಲು ಒಬ್ಬರೂ ಬರುವುದಿಲ್ಲ.

ಆಕ್ಷೇಪಣೆ ಬರೆಯುವಾಗ

ನಮ್ಮ ಕಚೇರಿಗೆ ಬರುತ್ತಿದ್ದ ಪತ್ರಗಳಲ್ಲಿ ಹೆಚ್ಚಿನವು ಬರೀ ಬೇಸರದ ಮಾತು. ‘ಈ ಯೋಜನೆ ಪರಿಸರಕ್ಕೆ ಮಾರಕ’ ಅಂತ ನಾಲ್ಕು ಪುಟ. ಅದನ್ನು ಓದಿ ಫೈಲಿಗೆ ಸೇರಿಸಿ ‘ಗಮನಿಸಲಾಗಿದೆ’ ಅಂತ ಬರೆಯುತ್ತಿದ್ದೆವು. ಉತ್ತರ ಕೊಡಲೇಬೇಕಾಗುತ್ತಿದ್ದ ಪತ್ರಗಳು ಬೇರೆ ಥರ ಇರುತ್ತಿದ್ದವು. ಹಾಳೆಯ ಸಂಖ್ಯೆ, ಸೈಟಿನ ಇಲ್ಲವೇ ಸರ್ವೆ ನಂಬರ್, ಅಳತೆ, ಒಂದು ಪ್ರಶ್ನೆ. ‘ಹಾಳೆ 7ರಲ್ಲಿ ಈ ಚುಕ್ಕಿಗೆರೆ ಇದೆ, ಹಾಳೆ 12ರಲ್ಲಿ ಇಲ್ಲ. ಯಾಕೆ?’ ಇಷ್ಟೇ ಬರೆದರೆ ಸಾಕು, ಒಬ್ಬ ಎಂಜಿನಿಯರ್ ಎದ್ದು ಹೋಗಿ ಹಳೇ ಹಾಳೆ ಹುಡುಕಲೇಬೇಕು. ಒಂದು ಪ್ಯಾರಾಕ್ಕೆ ಒಂದೇ ಪ್ರಶ್ನೆ ಇಡಿ. ಏನು ಬೇಡ ಅನ್ನುವುದರ ಜೊತೆ ಏನು ಬೇಕು ಅಂತಲೂ ಬರೆಯಿರಿ: ಇಲ್ಲಿ ಒಂದು ಗೇಟು, ಅಲ್ಲಿ 9 ಮೀಟರ್ ಬಯಲು. ಕೊನೆಯ ದಿನಾಂಕಕ್ಕೆ ಮುಂಚೆ ಕೊಟ್ಟು ಸ್ವೀಕೃತಿ ಪಡೆಯಿರಿ.

ನೀವು ಬಣ್ಣ ಹಾಕಿದ ನಕ್ಷೆಯನ್ನು ಮಾತ್ರ ಕೊಟ್ಟುಬಿಡಬೇಡಿ, ಅದರ ನಕಲು ಕೊಡಿ. ತಿದ್ದಿದ ಯೋಜನೆ ಮತ್ತೆ ಬಂದಾಗ ಅದು ಬೇಕಾಗುತ್ತದೆ. ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ತೆಗೆದು ಒಂದರ ಮೇಲೊಂದು ಇಟ್ಟು, ಬಿಸಿಲಿರುವ ಹೊತ್ತಿನಲ್ಲಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ಹೊಸ ವರದಿಯಲ್ಲಿ ನಿಮ್ಮ ಪತ್ರದ ಪದಗಳೆಲ್ಲ ಬಂದಿರಬಹುದು. ಗೆರೆ ಎಲ್ಲೆಲ್ಲಿ ಅಲುಗಿದೆ ಅಂತ ನೋಡಿ.